ಕ್ಲಚ್ ಜಾರುತ್ತಿದೆ, ಪ್ಲೇಟ್ ಹೋಯಿತೇ?

ಪ್ರಶ್ನೆ: ಕೊಡವರ ಹಬ್ಬ ಕೈಲ್ ಪೊಳ್ದ್‌ಗೆ ಊರಿಗೆ ಬಂದಿದ್ದಾಗ ಗಾಳಿಬೀಡಿನ ತೋಟಕ್ಕೆ ಜೀಪ್ ತೆಗೆದುಕೊಂಡು ಹೋಗಿದ್ದೆ. ಏರಿನಲ್ಲಿ ಕೆಸರಿಗೆ ಸಿಕ್ಕಿ ಅರ್ಧ ಗಂಟೆ ಒದ್ದಾಡಬೇಕಾಯಿತು, ಸುಟ್ಟ ವಾಸನೆಯೂ ಬಂತು. ಈಗ ಟಾರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಕ್ಲಚ್ ಪ್ಲೇಟ್ ಹೋಯಿತೇ?

ಹೋಗಿರಬಹುದು. ಆದರೆ ಮಳೆಗಾಲ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಹಿಡಿದು ಬರುವ ಎಲ್ಲರ ಪ್ಲೇಟೂ ಹೋಗಿರುವುದಿಲ್ಲ. ಗೇರ್ ಬಾಕ್ಸ್ ಇಳಿಸಲು ಒಪ್ಪುವ ಮೊದಲು ನೀವೇ ನೋಡಬಹುದಾದದ್ದು ಸಾಕಷ್ಟಿದೆ.

ಮೊದಲು, ಜಾರುತ್ತಿರುವುದು ಕ್ಲಚ್ಚೇ ಎಂದು ಖಚಿತ ಮಾಡಿಕೊಳ್ಳಿ. ಬ್ರೇಕ್ ಡ್ರಮ್ಮಿನಲ್ಲಿ ಕೆಸರು ಕೂತು ಚಕ್ರ ಹಿಡಿದುಕೊಂಡಿದ್ದರೂ ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆಯೂ ಬರುತ್ತದೆ. ಆದರೆ ಆಗ ಇಂಜಿನ್ ಸುತ್ತು ಏರುವುದಿಲ್ಲ, ತಿಣುಕುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಅಂಗೈ ಹಿಡಿದರೆ ಯಾವುದು ಕಾದಿದೆ ಎಂದು ತಿಳಿಯುತ್ತದೆ. ಕ್ಲಚ್ ಜಾರಿದರೆ ಇದಕ್ಕೆ ಉಲ್ಟಾ: ಆರ್‌ಪಿಎಂ ಮುಳ್ಳು ಥಟ್ಟನೆ ಮೇಲೇಳುತ್ತದೆ, ಸ್ಪೀಡ್ ಮುಳ್ಳು ಇದ್ದಲ್ಲೇ ಇರುತ್ತದೆ.

ಇದನ್ನು ನೋಡಲು ಸಂಪಾಜೆಯಿಂದ ಮಡಿಕೇರಿಗೆ ಹತ್ತುವಂಥ ಟಾರಿನ ಏರು ಬೇಕು, ಹಿಂದೆ ಮುಂದೆ ಗಾಡಿ ಇರಬಾರದು. ನಾಲ್ಕನೇ ಗೇರಿನಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ದೊಡ್ಡ ಗೇರಿನಲ್ಲಿ, ಏರಿನಲ್ಲಿ ಗಾಡಿಯ ಭಾರವೆಲ್ಲ ಕ್ಲಚ್ಚಿನ ಮೇಲೆ ಬೀಳುತ್ತದೆ. ಸವೆತ ಈಗಷ್ಟೇ ಶುರುವಾಗಿದ್ದರೆ ಮೊದಲು ಕಾಣುವುದು ಇಲ್ಲೇ. ಒಂದು ಸಲ ನೋಡಿದರೆ ಸಾಕು. ಪ್ರತಿ ಸಲ ಜಾರಿದಾಗಲೂ ಪ್ಲೇಟ್ ಇನ್ನಷ್ಟು ಸುಡುತ್ತದೆ.

ಜಾರುತ್ತಿದೆ ಎಂದಾದರೆ ಪೆಡಲಿನಿಂದ ಶುರು ಮಾಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ, ಜನ ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಇಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ, ನೀವು ಪೆಡಲ್ ಒತ್ತಿದಾಗ ಆ ಹಿಡಿತ ಬಿಡುತ್ತದೆ. ಪೆಡಲ್ ಪೂರ್ತಿ ಹಿಂದಕ್ಕೆ ಬರದಿದ್ದರೆ ನೀವು ಕಾಲು ತೆಗೆದಿದ್ದರೂ ಕ್ಲಚ್ಚಿನ ಲೆಕ್ಕದಲ್ಲಿ ತೆಗೆದಿಲ್ಲ. ಮ್ಯಾಟಿನ ಕೆಳಗೆ ಒಣಗಿದ ಮಣ್ಣಿನ ಹೆಂಟೆ ಇದೆಯೇ ನೋಡಿ. ಕೇಬಲ್ ಇರುವ ಗಾಡಿಯಾದರೆ ಅದರ ಕವಚದೊಳಗೆ ಕೆಸರು ಹೊಕ್ಕು ಬಿಗಿದಿರಬಹುದು. ಗಾಡಿಯಡಿ ಬಗ್ಗಿ ನೋಡಿದರೆ ಬೆಲ್ ಹೌಸಿಂಗಿನಿಂದ (ಕ್ಲಚ್ ಮುಚ್ಚಿರುವ ಕವಚ) ಕ್ಲಚ್ ಫೋರ್ಕ್, ಅಂದರೆ ಕ್ಲಚ್ ಬಿಡಿಸುವ ಸನ್ನೆ, ಹೊರಬರುವ ಕಿಂಡಿ ಕಾಣುತ್ತದೆ. ಅದರ ರಬ್ಬರ್ ಹರಿದಿದ್ದರೆ ತೋಟದ ಕೆಂಪು ಜೇಡಿ ಅಲ್ಲಿ ಗಟ್ಟಿಯಾಗಿ ಕೂತು ಫೋರ್ಕ್ ಹಿಂದೆ ಸರಿಯದಂತೆ ತಡೆಯುತ್ತದೆ. ಆಮೇಲೆ ಪೆಡಲನ್ನು ಬೆರಳಿನಲ್ಲಿ ಒತ್ತಿ ನೋಡಿ: ಬಿಗಿ ಸಿಗುವ ಮೊದಲು ಸ್ವಲ್ಪ ಸಡಿಲು, ಅಂದರೆ ಫ್ರೀ ಪ್ಲೇ, ಇರಬೇಕು. ಎಷ್ಟೆಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ. ಅದು ಇಲ್ಲವೇ ಇಲ್ಲ ಎಂದಾದರೆ ಹೊಂದಿಸಿ ಓಡಿಸಿ ನೋಡುವವರೆಗೆ ಹೊಸ ಪ್ಲೇಟಿನ ಮಾತು ಬೇಡ.

ಪೆಡಲ್ ಸರಿ ಇದ್ದರೆ ಯಾವಾಗ ಜಾರುತ್ತದೆ ಎಂದು ಗಮನಿಸಿ. ತೊರೆ ದಾಟಿದ ಮೇಲೆ ಬೆಳಿಗ್ಗೆ ಜಾರಿ, ನಾಲ್ಕು ಸಲ ಗೇರ್ ಹಾಕುವಷ್ಟರಲ್ಲಿ ಸರಿಹೋದರೆ ಒಳಗೆ ನೀರು ಹೋಗಿದೆ, ಒಣಗಲು ಬಿಡಿ. ತಣ್ಣಗಿದ್ದಾಗ ಹಿಡಿದು, ಬಿಸಿಯಾದ ಮೇಲೆ ಜಾರಿದರೆ ಪ್ಲೇಟ್ ಸವೆದಿದೆ ಅಥವಾ ಸುಟ್ಟು ಮೇಲ್ಮೈ ಗಾಜಿನಂತಾಗಿದೆ. ಅರ್ಧ ಗಂಟೆ ಹಾಫ್ ಕ್ಲಚ್ಚಿನಲ್ಲಿ ಒದ್ದಾಡಿದ ನಿಮ್ಮ ಗಾಡಿಯ ಮೇಲೆ ನನಗಿರುವ ಅನುಮಾನ ಇದೇ.

ಜಾರಲು ಇನ್ನೊಂದು ಕಾರಣ ಪ್ಲೇಟಿಗೆ ತಗಲುವ ಎಣ್ಣೆ. ಬೆಲ್ ಹೌಸಿಂಗಿನ ಕೆಳಗಿನ ತೂತಿನಿಂದ ತೊಟ್ಟಿಕ್ಕುತ್ತಿದ್ದರೆ ಬೆರಳಿಗೆ ಹಚ್ಚಿ ಮೂಸಿ. ಗಂಧಕದಂಥ ಘಾಟು ವಾಸನೆ ಬಂದರೆ ಗೇರ್ ಆಯಿಲ್, ಗೇರ್ ಬಾಕ್ಸ್ ಮುಂದಿನ ಸೀಲ್ ಹೋಗಿದೆ. ಕಪ್ಪಗಿದ್ದು ಆ ಘಾಟಿಲ್ಲದಿದ್ದರೆ ಇಂಜಿನ್ನಿನ ಹಿಂದಿನ ಸೀಲ್. ನಮ್ಮ ಜೀಪಿಗೆ ಒಮ್ಮೆ ಸೀಲ್ ನೋಡದೆ ಪ್ಲೇಟ್ ಮಾತ್ರ ಹಾಕಿಕೊಟ್ಟಿದ್ದರು. ಕಾಫಿ ಕೊಯ್ಲಿನ ನಡುವೆ, ಕಣಕ್ಕೆ ಹಣ್ಣು ಸಾಗಿಸುತ್ತಿರುವಾಗಲೇ ಮತ್ತೆ ಜಾರಿತು. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುತ್ತೇನೆ ಎಂದರೂ ಒಪ್ಪಬೇಡಿ. ಒಳಗೆ ಇಳಿದದ್ದು ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ.

ಜಾರುವುದು ಖಚಿತವಾದ ಮೇಲೆ ಭಾರ ಹೇರಿ ಓಡಿಸಬೇಡಿ. ಇವತ್ತು ಪ್ಲೇಟಿನಲ್ಲಿ ಮುಗಿಯುವುದು ನಾಳೆ ಫ್ಲೈವೀಲಿಗೂ ಬರುತ್ತದೆ: ಕಾದು ನೀಲಿ ಕಲೆ ಬೀಳುತ್ತದೆ, ಬಿರುಕು ಬಿಡುತ್ತದೆ. ಗೇರ್ ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಸ್ಪ್ರಿಂಗನ್ನು ತಳ್ಳುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಸೀಲ್ ತೋರಿಸಿ ಎನ್ನಿ. ಫೋರ್ ಬೈ ಫೋರ್ ಗಾಡಿಯಲ್ಲಿ ಇಳಿಸಿ ಏರಿಸುವ ಕೂಲಿಯೇ ದೊಡ್ಡದು, ಒಂದು ಬೇರಿಂಗಿಗಾಗಿ ಅದನ್ನು ಎರಡು ಸಲ ಕೊಡಬಾರದು.

ಮುಂದಿನ ಸಲ ಆ ಏರಿಗೆ ಕೆಳಗಿರುವಾಗಲೇ ಫೋರ್ ಲೋ (ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಹತ್ತಿ. ಚಕ್ರ ತಿರುಗಿ ಗಾಡಿ ನಿಂತರೆ ಹಾಫ್ ಕ್ಲಚ್ಚಿನಲ್ಲಿ ಹಿಡಿಯದೆ ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು ಇಳಿದು, ಚಕ್ರದಡಿ ಕಲ್ಲೋ ಸೌದೆಯೋ ಕೊಡಿ. ರಿವರ್ಸಿನಲ್ಲಿ ಏರು ಹತ್ತಬೇಕಾಗಿ ಬಂದರೂ ಫೋರ್ ಲೋ ಬಿಡಬೇಡಿ.