ಮನೆಗೊಂದು ಸ್ಟೋರೇಜ್ ಸರ್ವರ್: ಡಿಸ್ಕ್ ಕೆಟ್ಟರೆ ಏನು ಮಾಡುತ್ತದೆ?

ಫೋನ್ ತುಂಬಿದೆ. ಕ್ಲೌಡ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಮಗು ಮೊದಲ ಸಲ ನಡೆದ ವಿಡಿಯೊ ಯಾವುದೋ ಹಳೇ ಪೆನ್‌ಡ್ರೈವ್‌ನಲ್ಲಿದೆ. ಮನೆಯಲ್ಲೇ ಒಂದು ಸ್ಟೋರೇಜ್ ಸರ್ವರ್ ಇಟ್ಟುಕೊಳ್ಳೋಣ ಎಂಬ ಯೋಚನೆ ಆಗ ಬರುತ್ತದೆ. ಹಳೇ ಕಂಪ್ಯೂಟರ್‌ಗೆ ಒಂದೆರಡು ಹಾರ್ಡ್ ಡಿಸ್ಕ್ ಹಾಕಿ ರೂಟರ್‌ಗೆ ಜೋಡಿಸಿದರೆ ಯಂತ್ರ ಸಿದ್ಧ. ಇನ್ನು ಅದನ್ನು ನಡೆಸುವ ಸಾಫ್ಟ್‌ವೇರ್: ಟ್ರೂನ್ಯಾಸ್ ಹಾಕುವುದೋ, ಅನ್‌ರೇಡೋ, ಓಪನ್‌ಮೀಡಿಯಾವಾಲ್ಟೋ? ಹೆಚ್ಚಿನವರು ವೇಗ, ಆ್ಯಪ್ ನೋಡಿ ಆರಿಸುತ್ತಾರೆ. ಡಿಸ್ಕ್ ಕೆಟ್ಟಾಗ ಆ ಸಾಫ್ಟ್‌ವೇರ್ ಏನು ಮಾಡುತ್ತದೆ ಅನ್ನುವುದನ್ನೇ ನಾನಂತೂ ಮೊದಲು ನೋಡುತ್ತೇನೆ.

ಡಿಸ್ಕ್ ಎರಡು ರೀತಿ ಕೆಡುತ್ತದೆ. ಒಂದು, ಪೂರ್ತಿ ಸಾಯುವುದು. ಇದಕ್ಕೆ ಮದ್ದು ಹಳೆಯದು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಬರೆದ ಪ್ರಬಂಧದಿಂದ ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ಬಳಸುವ 'ರೇಡ್' ಎಂಬ ವಿಧಾನ ಹೆಸರಾಯಿತು. ಅದರ ಒಂದು ಬಗೆ ಹೀಗಿದೆ. ಎರಡು ಡಿಸ್ಕ್‌ಗಳ ಒಂದೇ ಜಾಗದಲ್ಲಿ 1 ಮತ್ತು 0 ಇವೆ ಅನ್ನಿ. ಮೂರನೆಯದರಲ್ಲಿ 1 ಬರೆಯುತ್ತಾರೆ, ಒಟ್ಟು 1ಗಳು ಸಮಸಂಖ್ಯೆಯಲ್ಲಿ ಇರಲಿ ಎಂದು. ಇದೇ ಪ್ಯಾರಿಟಿ. ಮೂರರಲ್ಲಿ ಯಾವುದು ಸತ್ತರೂ ಉಳಿದೆರಡನ್ನು ನೋಡಿ ಹೋದದ್ದನ್ನು ಲೆಕ್ಕ ಹಾಕಬಹುದು.

ಇನ್ನೊಂದು ರೀತಿ ಜಾಸ್ತಿ ಕಷ್ಟದ್ದು. ಡಿಸ್ಕ್ ಸಾಯುವುದಿಲ್ಲ, ಸುಳ್ಳು ಹೇಳುತ್ತದೆ. ಎಲ್ಲೋ ಒಂದು 1 ಸದ್ದಿಲ್ಲದೆ 0 ಆಗಿರುತ್ತದೆ, ಡಿಸ್ಕ್ ಮಾತ್ರ 'ಎಲ್ಲ ಸರಿ' ಎಂದು ಅದನ್ನೇ ಕೊಡುತ್ತದೆ. ಲೆಕ್ಕ ತಪ್ಪಿದೆ ಎಂದು ಪ್ಯಾರಿಟಿ ಹೇಳೀತು. ಆದರೆ ಮೂರರಲ್ಲಿ ಸುಳ್ಳು ಹೇಳಿದ್ದು ಯಾವುದು? ಅದು ಪ್ಯಾರಿಟಿಗೆ ಗೊತ್ತಾಗುವುದಿಲ್ಲ. ಹತ್ತು ವರ್ಷ ಬಿಟ್ಟು ಫೋಟೊ ತೆರೆದಾಗ ಅರ್ಧ ಚಿತ್ರ ಬೂದು ಬಣ್ಣಕ್ಕೆ ತಿರುಗಿರಬಹುದು.

ಇದಕ್ಕೆ ಉತ್ತರವಾಗಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಹುಟ್ಟಿದ್ದು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ. 2005ರಲ್ಲಿ ಅದರ ಕೋಡ್ ಎಲ್ಲರಿಗೂ ಮುಕ್ತವಾಯಿತು. ಅದು ಡೇಟಾದ ಪ್ರತಿ ತುಣುಕಿಗೂ ಚೆಕ್‌ಸಮ್ ಎಂಬ ಗುರುತಿನ ಸಂಖ್ಯೆ ಲೆಕ್ಕ ಹಾಕಿ, ಅದನ್ನು ಬೇರೆ ಜಾಗದಲ್ಲಿ ಬರೆದಿಡುತ್ತದೆ. ಓದುವಾಗಲೆಲ್ಲ ತಾಳೆ ನೋಡುತ್ತದೆ. ಹೊಂದದಿದ್ದರೆ ಜೊತೆ ಡಿಸ್ಕ್‌ನ ಸರಿಯಾದ ಪ್ರತಿಯನ್ನು ಕೊಟ್ಟು, ಕೆಟ್ಟದ್ದನ್ನೂ ತಿದ್ದುತ್ತದೆ. ಟ್ರೂನ್ಯಾಸ್ ನಿಂತಿರುವುದು ಇದರ ಮೇಲೆಯೇ. ಫೋಟೊ, ಮನೆ ಪತ್ರಗಳಿಗೆ ನನ್ನ ಆಯ್ಕೆಯೂ ಇದೇ: ಒಂದೇ ಅಳತೆಯ ಎರಡು ಡಿಸ್ಕ್, ಎರಡರಲ್ಲೂ ಅದೇ ಡೇಟಾ. 4 ಟಿಬಿಯ ಎರಡು ಕೊಂಡರೆ ಸಿಗುವುದು 4 ಟಿಬಿ ಮಾತ್ರ. ಆ ಖರ್ಚು ಸಾರ್ಥಕ.

ಅನ್‌ರೇಡ್‌ನ ದಾರಿ ಬೇರೆ, ಅದಕ್ಕೆ ದುಡ್ಡೂ ಕೊಡಬೇಕು. ಅದರ ಮಾಮೂಲಿ ಜೋಡಣೆಯಲ್ಲಿ ಪ್ರತಿ ಫೈಲೂ ಯಾವುದೋ ಒಂದೇ ಡಿಸ್ಕ್‌ನಲ್ಲಿ ಇಡಿಯಾಗಿ ಇರುತ್ತದೆ. ಪ್ಯಾರಿಟಿ ತುಂಬಿಕೊಡಬಲ್ಲದ್ದಕ್ಕಿಂತ ಹೆಚ್ಚು ಡಿಸ್ಕ್‌ಗಳು ಸತ್ತರೂ ಉಳಿದವುಗಳಲ್ಲಿರುವುದು ಸಿಗುತ್ತದೆ. ಬೇರೆ ಬೇರೆ ಅಳತೆಯ ಹಳೇ ಡಿಸ್ಕ್‌ಗಳೂ ನಡೆಯುತ್ತವೆ. ಸಿನಿಮಾ ಸಂಗ್ರಹಕ್ಕೆ ಒಳ್ಳೆಯದು. ಓಪನ್‌ಮೀಡಿಯಾವಾಲ್ಟ್ ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಹಗುರ, ಉಚಿತ. ಅದರಲ್ಲಿ ಫೈಲ್ ಸಿಸ್ಟಮ್ ಆಗಿ ಎಕ್ಸ್‌ಟಿ4 ಆರಿಸಿದರೆ ನಿಮ್ಮ ಫೈಲ್‌ಗಳಿಗೆ ಚೆಕ್‌ಸಮ್ ಕಾವಲು ಇರುವುದಿಲ್ಲ. ಬಿಟಿಆರ್‌ಎಫ್‌ಎಸ್ ಆರಿಸಿದರೆ ಇರುತ್ತದೆ.

ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬಗೆಯದು ಬೇಡ. ಅದರಲ್ಲಿ ಬರಹದ ಸಾಲುಗಳು ಒಂದರ ಮೇಲೊಂದು ಚಾಚಿಕೊಂಡಿರುತ್ತವೆ, ಹಾಗಾಗಿ ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಸತ್ತ ಡಿಸ್ಕ್‌ನ ಜಾಗಕ್ಕೆ ಹೊಸದನ್ನು ತುಂಬಿಸುವಾಗ ಇದು ವಿಪರೀತ ನಿಧಾನ. ಕರೆಂಟ್ ಲೆಕ್ಕವೂ ಇರಲಿ: 30 ವ್ಯಾಟ್ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 22 ಯೂನಿಟ್. ಒಂದು ಸಣ್ಣ ಯುಪಿಎಸ್ ಬೇಕೇ ಬೇಕು.

ಇಷ್ಟೆಲ್ಲ ಮಾಡಿದರೂ ಇದು ಬ್ಯಾಕಪ್ ಅಲ್ಲ. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಅಳಿಯುತ್ತದೆ ಅಲ್ವಾ? 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದಾಳಿ ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟ ಸ್ಟೋರೇಜ್ ಸರ್ವರ್‌ಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಆದ್ದರಿಂದ ರೂಟರ್‌ನಲ್ಲಿ ಸರ್ವರ್‌ಗೆ ದಾರಿ ತೆರೆಯಬೇಡಿ. ಹೊರಗಿನಿಂದ ಬೇಕಾದರೆ ವಿಪಿಎನ್ ಎಂಬ ಗುಪ್ತ ಸಂಪರ್ಕದ ಮೂಲಕವೇ ಬನ್ನಿ. ಮುಖ್ಯವಾದುದನ್ನು ಒಂದು ಯುಎಸ್‌ಬಿ ಡಿಸ್ಕ್‌ಗೆ ನಕಲಿಸಿ, ವೈರ್ ಕಿತ್ತು, ಅಕ್ಕನ ಮನೆಯಲ್ಲೋ ಊರಲ್ಲೋ ಇಡಿ. ಆಗಾಗ ಅದನ್ನು ತರಿಸಿ, ನಾಲ್ಕಾರು ಫೈಲ್ ತೆರೆದು ನೋಡಿ.