ಸೂಜಿ ಕಂಡರೆ ತಲೆ ಸುತ್ತುತ್ತೆ, ಮೊದಲ ಸಲ ರಕ್ತ ಕೊಡೋದು ಹೇಗೆ?

ಪ್ರಶ್ನೆ: ನನಗೆ 23 ವರ್ಷ. ಆಫೀಸಿನಲ್ಲಿ ರಕ್ತದಾನದ ಕ್ಯಾಂಪ್ ಇಟ್ಟಾಗಲೆಲ್ಲ ಹೆಸರು ಬರೆಸುತ್ತೇನೆ. ಆ ದಿನ ಬಂದಾಗ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಆರೋಗ್ಯ ಚೆನ್ನಾಗಿಯೇ ಇದೆ. ಆದರೆ ಸೂಜಿ, ರಕ್ತ ನೋಡಿದರೆ ಕಣ್ಣು ಕತ್ತಲೆ ಬರುತ್ತದೆ. ಎಲ್ಲರೂ ‘ಧೈರ್ಯ ಮಾಡು, ಏನೂ ಆಗಲ್ಲ’ ಅಂತಾರೆ. ಆ ಧೈರ್ಯ ತಂದುಕೊಳ್ಳೋದು ಹೇಗೆ?

ಉತ್ತರ: ಅಕ್ಟೋಬರ್ 1 ನಮ್ಮ ದೇಶದಲ್ಲಿ ಸ್ವಯಂಪ್ರೇರಿತ ರಕ್ತದಾನದ ದಿನ. ಅದು ಹತ್ತಿರ ಬಂದ ಹಾಗೆ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಕೇಳುವವರಲ್ಲಿ ಬೇರೆ ಯಾವುದಕ್ಕೂ ಹೆದರದವರೂ ಇರುತ್ತಾರೆ. ಹಾಗಾಗಿ ಇದನ್ನು ಪುಕ್ಕಲುತನ ಅಂದುಕೊಳ್ಳಬೇಡಿ. ರಕ್ತ ಮತ್ತು ಸೂಜಿಯ ಭಯ ಮಿಕ್ಕ ಭಯಗಳ ಹಾಗೆ ಕೆಲಸ ಮಾಡುವುದಿಲ್ಲ, ಅಷ್ಟೇ.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಎದೆ ಡವಡವ ಅನ್ನುತ್ತದೆ, ಬಿಪಿ ಏರುತ್ತದೆ, ಕಾಲಿಗೆ ಬಲ ಬರುತ್ತದೆ. ಆಗ ಸಾಮಾನ್ಯವಾಗಿ ಯಾರೂ ಪ್ರಜ್ಞೆ ತಪ್ಪಿ ಬೀಳುವುದಿಲ್ಲ, ಓಡುತ್ತಾರೆ. ರಕ್ತ ಕಂಡಾಗಲೂ ಕೆಲವರಿಗೆ ಶುರುವಿನಲ್ಲಿ ಹೀಗೇ ಆಗುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಎಲ್ಲ ತಿರುಗುಮುರುಗು. ಎದೆಬಡಿತ ನಿಧಾನವಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ದಢಕ್ಕನೆ ಇಳಿಯುತ್ತದೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಬೆವರು, ಹೊಟ್ಟೆ ತೊಳಸು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕಣ್ಣಿಗೆ ಕತ್ತಲೆ. ನಿಮಗೆ ಆಗುತ್ತಿರುವುದು ಬಹುಶಃ ಇದೇ.

ಇಲ್ಲೇ ನೋಡಿ, ಜನ ಪ್ರೀತಿಯಿಂದ ಕೊಡುವ ಸಲಹೆ ಎಡವಟ್ಟಾಗುವುದು. ‘ಮೈ ಸಡಿಲ ಬಿಡು, ಜೋರಾಗಿ ಉಸಿರು ಎಳ್ಕೋ’ ಅಂತಾರೆ. ಇಳಿಯುತ್ತಿರುವ ಬಿಪಿಗೆ ಸಡಿಲ ಬಿಟ್ಟ ಮೈ ಏನೂ ಸಹಾಯ ಮಾಡುವುದಿಲ್ಲ. ಮೇಲಿಂದ ಮೇಲೆ ಜೋರಾಗಿ ಉಸಿರೆಳೆದರೆ ತಲೆ ಇನ್ನಷ್ಟು ಹಗುರಾಗುತ್ತದೆ. ನಿಮಗೆ ಬೇಕಾಗಿರುವುದು ಇದಕ್ಕೆ ಉಲ್ಟಾ: ಮೈ ಬಿಗಿ ಹಿಡಿಯಬೇಕು.

ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ಇದನ್ನೇ ಒಂದು ಚಿಕಿತ್ಸೆಯಾಗಿ ರೂಪಿಸಿದರು. ಮಾಡುವುದು ಬಹಳ ಸುಲಭ. ಕುರ್ಚಿಯಲ್ಲಿ ಕೂತುಕೊಳ್ಳಿ. ತೋಳು, ಹೊಟ್ಟೆ, ತೊಡೆ ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿ. 10-15 ಸೆಕೆಂಡಿಗೆ ಮುಖ ಬಿಸಿಯಾದಂತೆ ಅನಿಸುತ್ತದೆ. ಆಗ ಬಿಡಿ, ಪೂರ್ತಿ ಜೋತುಬೀಳಬೇಡಿ. 20-30 ಸೆಕೆಂಡ್ ಬಿಟ್ಟು ಮತ್ತೆ ಬಿಗಿ ಮಾಡಿ. ಹೀಗೆ ಐದು ಸಲ. ಉಸಿರು ಮಾತ್ರ ಕಟ್ಟಬೇಡಿ, ಅದು ಮಾಮೂಲಾಗಿ ಆಡುತ್ತಿರಲಿ. ಕ್ಯಾಂಪಿಗೆ ಒಂದು ವಾರ ಮುಂಚಿನಿಂದ ದಿನಾ ಅಭ್ಯಾಸ ಮಾಡಿದರೆ ಮಂಚದ ಮೇಲೆ ಮಲಗಿದಾಗ ನೆನಪು ಮಾಡಿಕೊಳ್ಳುವ ಕಷ್ಟ ಇರುವುದಿಲ್ಲ. ಅಲ್ಲಿ ಸೂಜಿ ಚುಚ್ಚಿದ ತೋಳನ್ನು ಮಾತ್ರ ಹೀಗೆ ಬಿಗಿ ಮಾಡಬಾರದು. ಕಾಲಿನ ಮೇಲೆ ಕಾಲು ಹಾಕಿ ತೊಡೆ, ಹೊಟ್ಟೆ ಬಿಗಿ ಮಾಡುತ್ತಿದ್ದರೆ ಸಾಕು.

ತಲೆ ಸುತ್ತುವುದಿಲ್ಲ, ಬರೀ ನೋವಿನ ಭಯ ಅನ್ನುವವರಿಗೆ ಇದರ ಅಗತ್ಯ ಅಷ್ಟಿಲ್ಲ. ಅವರು ಬೇಕಾದರೆ ಆರಾಮಾಗಿ ಉಸಿರಾಡಿಕೊಂಡು ಫೋನ್ ನೋಡುತ್ತಿರಬಹುದು.

ಇನ್ನು ಅಲ್ಲಿ ಏನಾಗುತ್ತದೆ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ‘ಇರುವೆ ಕಚ್ಚಿದ ಹಾಗೆ ಅಷ್ಟೇ’ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗುವುದು ತಪ್ಪು. ಹಾಗೆ ಹೋದವರು ಎರಡನೇ ಸಲ ಬರುವುದು ಅನುಮಾನ.

ಮೊದಲು ಒಂದು ಫಾರಂ. 18ರಿಂದ 65 ವರ್ಷದವರು, ಕನಿಷ್ಠ 45 ಕೆಜಿ ತೂಕ ಇರುವವರು ಕೊಡಬಹುದು. ಆಮೇಲೆ ಬಿಪಿ, ತೂಕ, ಬೆರಳಿಗೆ ಒಂದು ಚುಚ್ಚು. ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಎಷ್ಟೋ ಕ್ಯಾಂಪ್‌ಗಳಲ್ಲಿ ಇದನ್ನು ನೀಲಿ ಬಣ್ಣದ ಮೈಲುತುತ್ತದ ನೀರಿನಲ್ಲಿ ನೋಡುತ್ತಾರೆ. ನಿಮ್ಮ ರಕ್ತದ ಹನಿ ಬೇಗ ಮುಳುಗಿದರೆ ಪಾಸ್. ತಮಾಷೆ ಅಂದರೆ, ಇಡೀ ಕೆಲಸದಲ್ಲಿ ಈ ಬೆರಳಿನ ಚುಚ್ಚೇ ಜಾಸ್ತಿ ಉರಿಯಿತು ಅನ್ನುವವರು ಬಹಳ ಜನ. ಬೆರಳ ತುದಿಯಲ್ಲಿ ನೋವು ತಿಳಿಸುವ ನರಗಳು ದಟ್ಟವಾಗಿರುತ್ತವೆ.

ನಂತರ ತೋಳಿಗೆ ಪಟ್ಟಿ ಕಟ್ಟಿ, ಮೊಣಕೈ ಒಳಬದಿಯಲ್ಲಿ ರಕ್ತನಾಳ ಹುಡುಕುತ್ತಾರೆ. ಸೂಜಿ ಮಾಮೂಲಿ ಇಂಜೆಕ್ಷನ್ ಸೂಜಿಗಿಂತ ದಪ್ಪ, ನಿಜ. ಸಣ್ಣ ಸೂಜಿಯಾದರೆ ರಕ್ತ ನಿಧಾನ ಬಂದು ನಡುವೆ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಒಳಗೆ ಹೋಗುವಾಗ ಎರಡು ಮೂರು ಸೆಕೆಂಡ್ ಚುರುಕ್ ಅನ್ನುತ್ತದೆ. ಆಮೇಲೆ ಬರೀ ಏನೋ ಇದೆ ಅನ್ನುವ ಅರಿವು. ಕೈಗೆ ಒಂದು ಸ್ಪಂಜಿನ ಚೆಂಡು ಕೊಡುತ್ತಾರೆ, ಒತ್ತುತ್ತಾ ಬಿಡುತ್ತಾ ಇರಬೇಕು. ಚೀಲ ಒಂದು ಮಷೀನಿನ ಮೇಲೆ ಆಚೆ ಈಚೆ ತೂಗುತ್ತಿರುತ್ತದೆ. ಚೀಲದಲ್ಲಿರುವ, ಹೆಪ್ಪುಗಟ್ಟದಂತೆ ತಡೆಯುವ ದ್ರವ ರಕ್ತದ ಜೊತೆ ಸರಿಯಾಗಿ ಬೆರೆಯಲಿ ಅಂತ. ಅತ್ತ ನೋಡಲೇಬೇಕು ಅಂತ ಯಾವ ರೂಲ್ಸೂ ಇಲ್ಲ. ಮುಖ ಈ ಕಡೆ ತಿರುಗಿಸಿಕೊಳ್ಳಿ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಡುವೆ ‘ಸಾಕು ಸಿಸ್ಟರ್, ಆಗ್ತಿಲ್ಲ’ ಅಂದರೆ ನಿಲ್ಲಿಸುತ್ತಾರೆ. ಹಾಗೆ ಹೇಳುವುದು ನಿಮ್ಮ ಹಕ್ಕು.

ತೆಗೆಯುವುದು 350 ಮಿಲಿ. ತೂಕ 55 ಕೆಜಿ ದಾಟಿದವರಲ್ಲಿ 450 ಮಿಲಿ ತೆಗೆಯಬಹುದು. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಕಳೆದುಕೊಂಡ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಅದಕ್ಕೇ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬೇಕು ಅನ್ನುವುದು. ಸೂಜಿಯಿಂದ ಏನಾದರೂ ಕಾಯಿಲೆ ಅಂಟಿದರೆ ಅನ್ನುವ ಅನುಮಾನ ಬೇಡ. ಸೂಜಿ, ನಳಿಕೆ, ಚೀಲ ಒಂದೇ ಸೆಟ್ ಆಗಿ ಸೀಲ್ ಆಗಿ ಬಂದಿರುತ್ತದೆ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ. ಏಕಾದಶಿ ಅಂತಲೋ ಶನಿವಾರ ಅಂತಲೋ ಉಪವಾಸ ಇದ್ದರೆ ಆ ದಿನ ಬಿಟ್ಟುಬಿಡಿ. ಹಿಂದಿನ ರಾತ್ರಿ ನಿದ್ದೆ ಆಗಿರಲಿ. ಸೂಜಿ ಹಾಕುವ ಮುಂಚಿನ ಅರ್ಧ ಗಂಟೆಯೊಳಗೆ ಅರ್ಧ ಲೀಟರ್ ನೀರು ಕುಡಿಯಿರಿ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ತಲೆಸುತ್ತು ಕಡಿಮೆ ಮಾಡಲು ನೀರು ನಿಜಕ್ಕೂ ಸಹಾಯ ಮಾಡುತ್ತದೆ. ಮೊದಲ ಸಲ ಕೊಡುವವರು, ಚಿಕ್ಕ ವಯಸ್ಸಿನವರು, ತೂಕ ಕಡಿಮೆ ಇರುವವರಿಗೆ ತಲೆ ಸುತ್ತುವುದು ಜಾಸ್ತಿ. ಆದ್ದರಿಂದ ಫಾರಂ ತುಂಬುವಾಗಲೇ ‘ನನಗೆ ಇದು ಮೊದಲ ಸಲ, ರಕ್ತ ನೋಡಿದರೆ ಕಣ್ಣು ಕತ್ತಲೆ ಬರುತ್ತೆ’ ಅಂತ ಹೇಳಿಬಿಡಿ. ನಾಚಿಕೆ ಬೇಡ, ಅವರಿಗಿದು ದಿನನಿತ್ಯದ ಕೆಲಸ. ಹಿಂದೆ ಪೂರ್ತಿ ಪ್ರಜ್ಞೆ ತಪ್ಪಿದ್ದರೆ ಅದನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅವರು ಬೇಡ ಅಂದರೆ ಬೇಡ.

ಕೊಟ್ಟಾದ ಮೇಲೆ ಗಡಬಡಿಸಿ ಎದ್ದು ನಿಲ್ಲಬಾರದು. ಬೀಳುವವರು ಹೆಚ್ಚಾಗಿ ಬೀಳುವುದು ಮಂಚದಿಂದ ಎದ್ದು ಹೊರಟಾಗಲೇ. ಹತ್ತು ಹದಿನೈದು ನಿಮಿಷ ಕೂತು ಅವರು ಕೊಡುವ ಜ್ಯೂಸ್, ಬಿಸ್ಕತ್ತು ಮುಗಿಸಿ. ಕಣ್ಣು ಮಂಜಾದರೆ ನಿಂತ ಜಾಗದಲ್ಲೇ ಮಲಗಿ, ಕಾಲು ಮೇಲೆ ಮಾಡಿ. ಆ ದಿನ ಜಿಮ್ ಬೇಡ, ಭಾರ ಎತ್ತುವುದು ಬೇಡ. ಬೈಕ್ ಬಿಟ್ಟು ಯಾರ ಜೊತೆಗಾದರೂ ಮನೆಗೆ ಹೋಗಿ.

ಕೊನೆಗೆ ಒಂದು ಮಾತು ಆಫೀಸಿನ ಕ್ಯಾಂಪ್ ಬಗ್ಗೆ. ಮೈಕು, ಬ್ಯಾನರ್, ಫೋಟೋ, ಸುತ್ತ ಸಹೋದ್ಯೋಗಿಗಳು, ಇದೆಲ್ಲ ಕೆಲವರಿಗೆ ಹುರುಪು ಕೊಡುತ್ತದೆ. ನಿಮ್ಮಂಥವರಿಗೆ ‘ಎಲ್ಲರ ಮುಂದೆ ಬಿದ್ದರೆ’ ಅನ್ನುವ ಇನ್ನೊಂದು ಭಯ ಸೇರಿಸುತ್ತದೆ. ಮೊದಲ ಸಲ ಹತ್ತಿರದ ರಕ್ತನಿಧಿಗೆ ಫೋನ್ ಮಾಡಿ, ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಕೇಳಿಕೊಂಡು ಹೋಗಿ. ಈಗಾಗಲೇ ರಕ್ತ ಕೊಟ್ಟು ಅಭ್ಯಾಸ ಇರುವ ಗೆಳೆಯರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಆದರೆ ಗೇಲಿ ಮಾಡುವ ಪೈಕಿಯವರನ್ನು ಮಾತ್ರ ಕರೆದುಕೊಂಡು ಹೋಗಬೇಡಿ.