ಸಣ್ಣ ಬೈಕಿಗೆ ಟರ್ಬೊ: ಲೇತ್ ಅಂಗಡಿಯಿಂದ ಆರ್‌ಟಿಒ ಕಚೇರಿಯವರೆಗೆ

150 ಸಿಸಿ ಬೈಕಿಗೆ ಟರ್ಬೊ, ಅಂದರೆ ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಕೂರಿಸಬಹುದೇ ಎಂಬ ಪ್ರಶ್ನೆಗೆ ದಾವಣಗೆರೆಯಲ್ಲಿ ಮೂರು ಕಡೆ ಮೂರು ಉತ್ತರ ಸಿಗುತ್ತದೆ. ಲೇತ್ ಅಂಗಡಿಯವರು ಅಳತೆ ಕೊಟ್ಟರೆ ಅದನ್ನು ಪೈಪಿಗೆ ಜೋಡಿಸುವ ಫ್ಲ್ಯಾಂಜ್ ತಟ್ಟೆ ಮಾಡಿಕೊಡುತ್ತೇವೆ ಎನ್ನುತ್ತಾರೆ. ಬೈಕ್ ಮೆಕ್ಯಾನಿಕ್‌ಗಳು ಎಂಜಿನಿನ ಬ್ಲಾಕ್ ಹಾಳಾಗಿ ಹೋಗುತ್ತದೆ, ಬೇಡ ಎನ್ನುತ್ತಾರೆ. ಸಾರಿಗೆ ಕಚೇರಿಯ ಲೆಕ್ಕದಲ್ಲಿ ಅದು ದಂಡ ಬೀಳುವ ಅಪರಾಧ. ಮೂವರೂ ಹೇಳುವುದು ನಿಜವೇ ಆಗಿರುವುದರಿಂದ ಕೇಳಲು ಹೋದವರು ಹೆಚ್ಚು ಗೊಂದಲ ಮಾಡಿಕೊಂಡು ಮರಳುತ್ತಾರೆ. ಇಲ್ಲಿರುವುದು ಒಂದೇ ಪ್ರಶ್ನೆಯಲ್ಲ; ಗಾಳಿ ತುಂಬಲು ಸಾಧ್ಯವೇ, ಎಂಜಿನ್ ತಡೆಯುತ್ತದೆಯೇ, ರಸ್ತೆಗೆ ಇಳಿಸಲು ಅನುಮತಿ ಇದೆಯೇ ಎಂಬ ಮೂರು ಪ್ರಶ್ನೆಗಳು ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಈಗ ಒಂದಕ್ಕೊಂದು ಹೆಣೆದುಕೊಂಡಿವೆ.

ಎಂಜಿನ್ ಹೊರಹಾಕುವ ಬಿಸಿ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಈ ಟರ್ಬೊ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಶಿ 1905ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದ ಅದು ಹಡಗು, ವಿಮಾನ, ಲಾರಿಗಳನ್ನು ದಾಟಿ 1962ರ ಹೊತ್ತಿಗೆ ಅಮೆರಿಕದ ಕಾರುಗಳಿಗೆ ಬಂತು. ಪುಣೆ–ಬೆಂಗಳೂರು ರಸ್ತೆಯ ಮೇಲಿರುವ ನಮ್ಮ ಊರಿಗೆ ಟರ್ಬೊ ಪರಿಚಯವಾದದ್ದು ಲಾರಿಗಳ ಮೂಲಕ. ಏರಿನಲ್ಲಿ ಲೋಡ್ ಗಾಡಿ ಹಾಕುವ ಶಿಳ್ಳೆಯನ್ನು ಕೇಳಿಯೇ ಟರ್ಬೊ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಬಲ್ಲ ಮಿಸ್ತ್ರಿಗಳು ಇಲ್ಲಿ ಇದ್ದಾರೆ.

ಬೈಕಿನ ಕಥೆ ಚಿಕ್ಕದು. 1978ರಲ್ಲಿ ಕವಾಸಕಿಯ ಝಡ್1ಆರ್-ಟಿಸಿ ಅಮೆರಿಕದಲ್ಲಿ ಖಾತರಿಯಿಲ್ಲದೆ ಮಾರಾಟವಾಯಿತು. 1982ರಲ್ಲಿ ಹೋಂಡಾ ತನ್ನ 497 ಸಿಸಿಯ ಸಿಎಕ್ಸ್500 ಬೈಕಿಗೆ ಟರ್ಬೊ ಹಾಕಿ ಸುಮಾರು 50 ಅಶ್ವಶಕ್ತಿಯ ಎಂಜಿನಿನಿಂದ 82 ತೆಗೆಯಿತು. ಯಮಾಹಾ, ಸುಜುಕಿ, ಮತ್ತೆ ಕವಾಸಕಿ ಹಿಂದೆಯೇ ಬಂದವು. 1985ರ ಹೊತ್ತಿಗೆ ನಾಲ್ಕೂ ಕಂಪನಿಗಳು ಈ ಸಾಹಸ ಮುಗಿಸಿದ್ದವು. ತೂಕ ಮತ್ತು ಬೆಲೆ ಹೆಚ್ಚಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆಕ್ಸಿಲರೇಟರ್ ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಮ್ಮೆಲೇ ನುಗ್ಗುವ ಗಾಡಿಯನ್ನು ತಿರುವಿನಲ್ಲಿ ನಂಬುವುದು ಕಷ್ಟವಾಗಿತ್ತು. ಅಷ್ಟೇ ಶಕ್ತಿಯನ್ನು ದೊಡ್ಡ ಎಂಜಿನ್ ಸಲೀಸಾಗಿ ಕೊಡುತ್ತಿತ್ತು.

ಅದೇ 1985ರಲ್ಲಿ ನಮ್ಮಲ್ಲಿ ಯಮಾಹಾ ಆರ್‌ಎಕ್ಸ್100 ಬಂತು. ದಾವಣಗೆರೆಯ ಬೈಕ್ ಕೈಕೆಲಸವನ್ನು ತಿಳಿಯಬೇಕಾದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೇವಲ 98 ಸಿಸಿ, 11 ಅಶ್ವಶಕ್ತಿ, ಆದರೆ ಆ ಪಿಕಪ್ ಕಂಡ ಹುಡುಗರಿಗೆ ಇನ್ನಷ್ಟು ಬೇಕೆನಿಸಿತು. ಅದನ್ನು ಕೊಡುವ ಕೈಗಳೂ ಇಲ್ಲಿದ್ದವು. 1941ರಲ್ಲಿ ಪಕ್ಕದ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿದರೂ ಲೋಹವನ್ನು ನೂಲಿನ ಲೆಕ್ಕದಲ್ಲಿ ಕೆತ್ತುವ ಅಭ್ಯಾಸ ಈ ಭಾಗದ ವರ್ಕ್‌ಶಾಪ್‌ಗಳಲ್ಲಿ ಉಳಿಯಿತು. ಸುತ್ತಿಗೊಮ್ಮೆ ಉರಿಯುವ ಆ ಟೂ ಸ್ಟ್ರೋಕ್ ಬ್ಲಾಕಿನ ಪೋರ್ಟನ್ನು, ಅಂದರೆ ಹೊಗೆ ಹೊರಹೋಗುವ ಕಿಂಡಿಯನ್ನು, ಅರದಿಂದ ಉಜ್ಜಿ ಎತ್ತರಿಸುವುದು, ಹೆಡ್ ತೆಳುಮಾಡುವುದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಿಸುವುದು ಇವೆಲ್ಲ ಪುಸ್ತಕ ಓದಿ ಕಲಿತದ್ದಲ್ಲ. ಪೋರ್ಟ್ ಮಾಡಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಿದ್ದರು: ಇಟ್ಟಿಗೆ ಬಣ್ಣ ಬಂದರೆ ಸರಿ, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಹೀಗೆಯೇ ಓಡಿಸಿದರೆ ಪಿಸ್ಟನ್ ಬಿಗಿದುಕೊಂಡು ಸೀಜ್ ಆಗುತ್ತದೆ ಎಂದು ಅರ್ಥ.

ಆ ದಿನಗಳಲ್ಲೂ ಟರ್ಬೊದ ಆಸೆ ಇತ್ತು. ಆದರೆ ಟೂ ಸ್ಟ್ರೋಕ್ ಬೈಕಿನಲ್ಲಿ ಆ ಕೆಲಸದ ಒಂದು ಭಾಗವನ್ನು ಸೈಲೆನ್ಸರೇ ಮಾಡುತ್ತಿತ್ತೆಂಬುದನ್ನು ಬಹಳ ಜನ ಗಮನಿಸಲಿಲ್ಲ. ನಡುವೆ ಉಬ್ಬಿ ಕೊನೆಯಲ್ಲಿ ಸಣ್ಣದಾಗುವ ಆ ಕೊಳವೆಯಿಂದ ಒತ್ತಡದ ಅಲೆ ಹಿಂದಿರುಗಿ, ಪೋರ್ಟ್ ಮುಚ್ಚುವ ಮೊದಲೇ ಹೊರಗೆ ಜಾರಿದ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಈ ದಾರಿಯ ನಡುವೆ ಟರ್ಬೊ ಇಟ್ಟರೆ ಅಲೆ ಮುರಿಯುತ್ತದೆ, ಬಂದ ಲಾಭಕ್ಕಿಂತ ಹೋದದ್ದೇ ಹೆಚ್ಚಾಗಬಹುದು.

2001ರಲ್ಲಿ ಬಜಾಜ್ ಪಲ್ಸರ್ 150 ಮತ್ತು 180 ಸಿಸಿಯಲ್ಲಿ ಬಂದ ಮೇಲೆ ಫೋರ್ ಸ್ಟ್ರೋಕ್ ಯುಗ ಗಟ್ಟಿಯಾಯಿತು. ಆಮೇಲೆ ಸಣ್ಣ ಡೀಸೆಲ್ ಕಾರುಗಳ ಕಾಲ. 2011ರ ಶೆವ್ರೊಲೆ ಬೀಟ್ ಡೀಸೆಲ್ 936 ಸಿಸಿಯದು, 2015ರ ಮಾರುತಿ ಸೆಲೆರಿಯೊ ಡೀಸೆಲ್ ಬರೀ 793 ಸಿಸಿಯದು. ಎರಡರಲ್ಲೂ ಟರ್ಬೊ ಇತ್ತು. ಇಂಥ ಗಾಡಿಗಳು ಗುಜರಿಗೆ ಬಂದಾಗ ಅಂಗೈ ಮೇಲೆ ಕೂರುವ ಟರ್ಬೊಗಳು ಕೈಗೆ ಸಿಕ್ಕವು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ?

ಅಂಥ ಒಂದು ಪ್ರಯತ್ನವನ್ನು ನಾನು ಹತ್ತಿರದಿಂದ ನೋಡಿದ್ದೇನೆ. 150 ಸಿಸಿ ಎಂಜಿನನ್ನು ಕಬ್ಬಿಣದ ಆ್ಯಂಗಲ್ ಚೌಕಟ್ಟಿಗೆ ಬೋಲ್ಟ್ ಮಾಡಿ, ಹೊಗೆಯ ಬೆಂಡ್ ಪೈಪ್ ಕತ್ತರಿಸಿ, ದಪ್ಪ ಕಬ್ಬಿಣದ ಫ್ಲ್ಯಾಂಜ್ ವೆಲ್ಡ್ ಮಾಡಿ ಡೀಸೆಲ್ ಕಾರಿನ ಟರ್ಬೊ ಕೂರಿಸಿದ್ದರು. ಎಂಜಿನ್ ಹತ್ತಿಕೊಂಡು ಎರಡು ನಿಮಿಷಕ್ಕೆ ಅಂಗಡಿ ತುಂಬ ನೀಲಿ ಹೊಗೆ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವಂಥದ್ದು, ಅದನ್ನು ಕಾಪಾಡುವುದು ಒತ್ತಡದಲ್ಲಿ ಹರಿಯುವ ಆಯಿಲ್. ಒಳಗೆ ಹೋದ ಆಯಿಲ್ ತಾನಾಗಿ ಇಳಿದು ಎಂಜಿನಿಗೆ ಮರಳಬೇಕು. ಇಲ್ಲಿ ಮರಳುವ ಪೈಪು ಮಟ್ಟಸವಾಗಿ, ಒಂದು ಕಡೆ ಸ್ವಲ್ಪ ಮೇಲಕ್ಕೇ ಇತ್ತು. 'ತಮ್ಮಾ, ನೀರು ಏರಿಗೆ ಹತ್ತಲ್ಲ, ಆಯಿಲೂ ಅಷ್ಟೇ' ಎಂದು ಲೇತ್ ಅಂಗಡಿಯ ಯಜಮಾನರು ಪೈಪು ತೋರಿಸಿದರು. ಟರ್ಬೊ ಎತ್ತಿ ಕೂರಿಸಿದ ಮೇಲೆ ಹೊಗೆ ನಿಂತಿತು. ಆದರೆ ಒತ್ತಡದ ಮೀಟರಿನ ಮುಳ್ಳು ಎಂಜಿನ್ ಕಿರುಚುವಷ್ಟು ರೇಸ್ ಕೊಟ್ಟರೂ ನಡುಗಿತೇ ಹೊರತು ಏಳಲಿಲ್ಲ.

ಮುಳ್ಳು ಏಳದಿರುವುದಕ್ಕೆ ಕಾರಣ ಸರಳ ಗಣಿತದಲ್ಲಿದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುವುದರಿಂದ 150 ಸಿಸಿ ಎಂಜಿನ್ 8,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 600 ಲೀಟರ್ ಗಾಳಿ ಎಳೆಯುತ್ತದೆ. 793 ಸಿಸಿ ಡೀಸೆಲ್ ಎಂಜಿನ್ 3,500 ಆರ್‌ಪಿಎಂನಲ್ಲೇ ಸುಮಾರು 1,390 ಲೀಟರ್ ಕೇಳುತ್ತದೆ, ಟರ್ಬೊ ತುಂಬುವ ಹೆಚ್ಚಿನ ಗಾಳಿ ಬೇರೆ. ಅಷ್ಟು ಹರಿವಿಗೆಂದು ಮಾಡಿದ ಚಕ್ರವನ್ನು ಅದರ ಅರ್ಧಕ್ಕಿಂತ ಕಡಿಮೆ ಹೊಗೆಯಿಂದ ತಿರುಗಿಸುವುದೆಂದರೆ ಏತದ ನೀರಿನಿಂದ ಗಿರಣಿ ನಡೆಸಿದಂತೆ. ಒಂದೇ ಸಿಲಿಂಡರ್ ಆದ್ದರಿಂದ ಹೊಗೆ ಬರುವುದೂ ಬಿಟ್ಟು ಬಿಟ್ಟು; ಗಾಳಿ ಎಳೆಯುವುದೂ ಹಾಗೆಯೇ. ಟರ್ಬೊ ಒತ್ತಿದ ಗಾಳಿಯನ್ನು ಹಿಡಿದಿಡಲು ನಡುವೆ ಎಂಜಿನಿನ ಹಲವು ಪಟ್ಟು ದೊಡ್ಡ ಡಬ್ಬಿ ಇಡಬೇಕಾಗುತ್ತದೆ, ಡಬ್ಬಿ ದೊಡ್ಡದಾದಷ್ಟು ಪಿಕಪ್ ತಡವಾಗುತ್ತದೆ.

ಹೇಗೋ ಒತ್ತಡ ಬಂತು ಎಂದುಕೊಳ್ಳೋಣ. ಏಪ್ರಿಲಿನ ಮಧ್ಯಾಹ್ನ, 38 ಡಿಗ್ರಿ ಬಿಸಿಲಿನಲ್ಲಿ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ, ಟರ್ಬೊ ಶೇ 60ರ ದಕ್ಷತೆಯಿಂದ ಕೆಲಸ ಮಾಡಿದರೂ ಆ ಗಾಳಿಯ ಉಷ್ಣತೆ 100 ಡಿಗ್ರಿ ಮುಟ್ಟುತ್ತದೆ. ಬಿಸಿಗಾಳಿ ಹಿಗ್ಗುವುದರಿಂದ ಸಿಲಿಂಡರಿಗೆ ನಿಜವಾಗಿ ಹೆಚ್ಚು ಹೋಗುವುದು ಶೇ 50 ಅಲ್ಲ, ಶೇ 24ರಷ್ಟು. ಅದರಲ್ಲಿ ಸ್ವಲ್ಪ ಹೊಗೆಯ ಎದುರೊತ್ತಡಕ್ಕೆ ಹೋಗುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ ನಾಕಿಂಗ್‌ನಿಂದ, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದರಿಂದ, ಪಿಸ್ಟನ್ ತೂತು ಮಾಡಿಕೊಳ್ಳದಿರಲಿ ಎಂದು ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸಿದರೆ ಇನ್ನೂ ಸ್ವಲ್ಪ ಹೋಗುತ್ತದೆ. 150ರ ಬದಲು 180 ಸಿಸಿ ಎಂಜಿನ್ ಇದ್ದರೆ ಸಿಲಿಂಡರಿನ ಗಾತ್ರ ಶೇ 20ರಷ್ಟು ಹೆಚ್ಚಾಗುತ್ತದೆ, ಅದಕ್ಕೆ ಆಯಿಲ್ ಪೈಪೂ ಬೇಡ, ಡಬ್ಬಿಯೂ ಬೇಡ. ಜಪಾನಿನ ನಾಲ್ಕು ಕಂಪನಿಗಳು 1985ರಲ್ಲಿ ತಲುಪಿದ್ದೂ ಹೆಚ್ಚು ಕಡಿಮೆ ಇದೇ ಲೆಕ್ಕಕ್ಕೆ.

ಇದರ ನಡುವೆ ಮಾರುಕಟ್ಟೆ ತನ್ನದೇ ಉತ್ತರ ಕಂಡುಕೊಂಡಿತು. ಸೈಲೆನ್ಸರಿನ ಬಾಯಿಗೆ ಸಿಕ್ಕಿಸಿದರೆ ಶಿಳ್ಳೆ ಹೊಡೆಯುವ ಅಲ್ಯೂಮಿನಿಯಂ ತುಂಡು ಟರ್ಬೊ ಹೆಸರಿನಲ್ಲಿ ಮಾರಾಟವಾಗುತ್ತದೆ. ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನನ್ನು ಎಲೆಕ್ಟ್ರಿಕ್ ಟರ್ಬೊ ಎನ್ನುತ್ತಾರೆ. ಮೇಲೆ ಹೇಳಿದ ಒತ್ತಡಕ್ಕೆ ನಿಜವಾಗಿ ಬೇಕಾಗುವುದು ಕಡಿಮೆಯೆಂದರೂ 700 ವಾಟ್. ಅಂದರೆ 12 ವೋಲ್ಟಿನಲ್ಲಿ 60 ಆಂಪಿಯರ್ ಹತ್ತಿರ ಬರುತ್ತದೆ. ಬೈಕಿನ ಬ್ಯಾಟರಿ ಅಷ್ಟನ್ನು ಕೆಲವು ನಿಮಿಷಗಳಿಗಿಂತ ಹೆಚ್ಚು ಹೊತ್ತು ಕೊಡಲಾರದು. ಶಿಳ್ಳೆಯ ತುಂಡಾದರೂ ತಾನು ಮಾಡುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ.

ಮೂರನೆಯ ಪ್ರಶ್ನೆ ಕಾನೂನಿನದು, ವಯಸ್ಸಿನಲ್ಲಿ ಕಿರಿಯದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಸಿಲಿಂಡರ್ ದೊಡ್ಡದು ಮಾಡಿಸಿದರೂ ಇದೇ ಮಾತು. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದು ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರ್ ಜಾಗದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕೂತಿತು; ಪೆಟ್ರೋಲ್ ಎಷ್ಟು ಬೇಕೆಂದು ನಿರ್ಧರಿಸುವ ಕಂಪ್ಯೂಟರ್ ಪೆಟ್ಟಿಗೆ, ವಾತಾವರಣದ ಒತ್ತಡವನ್ನು ಮೀರಿದ ಗಾಳಿ ಬರಬಹುದೆಂದು ಎಣಿಸಿಯೇ ಇಲ್ಲ. ಜೆಟ್ ಬದಲಿಸಿ ಪ್ಲಗ್ಗಿನ ಬಣ್ಣ ನೋಡುತ್ತಿದ್ದ ಕಣ್ಣಿಗೆ ಇಲ್ಲಿ ಕೆಲಸವಿಲ್ಲ.

ರಸ್ತೆಯ ಮೇಲಿನ ಸುರಕ್ಷತೆಯ ದೃಷ್ಟಿಯಿಂದ ಈ ಬಿಗಿತವನ್ನು ತಪ್ಪೆನ್ನಲಾಗದು. 150 ಸಿಸಿಗೆಂದು ಮಾಡಿದ ಬ್ರೇಕು, ಟೈರಿನ ಮೇಲೆ ಹೆಚ್ಚಿನ ವೇಗ ಹೇರುವವರು ತಮ್ಮೊಬ್ಬರ ಜೀವವನ್ನಷ್ಟೇ ಪಣಕ್ಕಿಡುವುದಿಲ್ಲ. ಆದರೆ ನೋಂದಣಿಯಿಲ್ಲದ, ಚೌಕಟ್ಟಿನ ಮೇಲೆ ಕೂರಿಸಿದ ಎಂಜಿನ್ ರಸ್ತೆಗೆ ಬರುವುದೇ ಇಲ್ಲ. ಅದರ ಮೇಲೆ ಕೈಯಾಡಿಸಲು ಊರಿನಲ್ಲಿ ಒಂದು ಜಾಗವಿದ್ದಿದ್ದರೆ, ಎಷ್ಟೋ ಟರ್ಬೊಗಳು ನೇರವಾಗಿ ಬೈಕಿನ ಮೇಲೆ ಪರೀಕ್ಷೆಗೊಳಗಾಗುತ್ತಿರಲಿಲ್ಲ.

2024ರಲ್ಲಿ ಹೋಂಡಾ ಮಿಲಾನ್ ಪ್ರದರ್ಶನದಲ್ಲಿ, ಹೊಗೆಯನ್ನು ನಂಬದೆ ವಿದ್ಯುತ್ ಮೋಟಾರಿನಿಂದಲೇ ಗಾಳಿ ಒತ್ತುವ ಮೂರು ಸಿಲಿಂಡರಿನ ಎಂಜಿನನ್ನು ತೋರಿಸಿತು. ಆಕ್ಸಿಲರೇಟರ್ ತಿರುಗಿಸಿದ ಮೇಲೆ ಕಾಯುವ ಹಳೆಯ ಸಮಸ್ಯೆಗೆ ಅದು ಉತ್ತರ. ಆದರೆ ಅದು ದೊಡ್ಡ ಬೈಕಿನ ಎಂಜಿನ್. ಲೇತ್ ಅಂಗಡಿಯಲ್ಲಿ ಆ ಫ್ಲ್ಯಾಂಜಿನ ರಟ್ಟಿನ ನಮೂನೆ ಇನ್ನೂ ಮೊಳೆಗೆ ನೇತಾಡುತ್ತಿದೆ. ಟರ್ಬೊ ಮಾತ್ರ ಮೇಜಿನ ಮೇಲೆ ಬಿಲ್ಲುಗಳು ಹಾರದಂತೆ ಒತ್ತಿ ಕೂತಿದೆ.